ಹಳಿಗೆ ಕರೆಂಟ್ ಬೇಡ: ಎಚ್‌ಒ (1:87) ಮಾದರಿ ಲೋಕೋಗೆ ಬ್ಯಾಟರಿ ಅಳವಡಿಸುವ ಸಮಗ್ರ ಮಾರ್ಗದರ್ಶಿ

ಮಾದರಿ ರೈಲು ಮುಗ್ಗರಿಸಿ ನಿಂತರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಮೋಟಾರಿನದ್ದಲ್ಲ. ಹಳಿಯ ಮೇಲಿನ ಧೂಳು, ಚಕ್ರಕ್ಕೆ ಅಂಟಿದ ಕಪ್ಪು ಜಿಡ್ಡು, ಸಡಿಲವಾದ ರೈಲ್ ಜಾಯ್ನರ್ (ಹಳಿ ತುಂಡುಗಳ ಕೊಂಡಿ), ಹಳಿ ಕವಲೊಡೆಯುವ ಪಾಯಿಂಟಿನ ನಡುವಿನ ಪ್ಲಾಸ್ಟಿಕ್ ಫ್ರಾಗ್ (ಹಳಿಗಳು ದಾಟುವ ತುಂಡು), ಇವುಗಳಲ್ಲಿ ಯಾವುದಾದರೊಂದು ಹಳಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ತಡೆದಿರುತ್ತದೆ. ರೈಲು ಬಳಸಿಕೊಂಡು ಅದೇ ಹಳಿಗೆ ಹಿಂದಿರುಗುವ ರಿವರ್ಸಿಂಗ್ ಲೂಪ್ ಹಾಕಿದರೆ ಎಡ ಹಳಿ ಬಲ ಹಳಿಗೆ ಕೂಡಿ ಶಾರ್ಟ್ ಆಗುತ್ತದೆ. ಅದಕ್ಕೆ ಬೇರೆ ಸರ್ಕ್ಯೂಟ್ ಬೇಕು. ಬ್ಯಾಟರಿಯನ್ನು ಲೋಕೋದೊಳಗೇ (ರೈಲು ಎಂಜಿನ್ನಿನೊಳಗೇ) ಇಟ್ಟು ರೇಡಿಯೋದಿಂದ ಓಡಿಸಿದರೆ ಈ ತೊಂದರೆಗಳೆಲ್ಲ ಒಟ್ಟಿಗೇ ತೊಲಗುತ್ತವೆ. ಹಳಿ ಎಂಬುದು ದಾರಿ ಮಾತ್ರ ಆಗುತ್ತದೆ. ಅಮೆರಿಕದ ಹವ್ಯಾಸಿಗಳು ಇದನ್ನು ‘ಡೆಡ್ ರೈಲ್’ ಎನ್ನುತ್ತಾರೆ. ಕಾಯಂ ಲೇಔಟಿಗೆ ಜಾಗವಿಲ್ಲದೆ, ಭಾನುವಾರ ಹಾಲ್‌ನಲ್ಲಿ ಹಳಿ ಹಾಸಿ ಸಂಜೆ ಮಡಚಿಡುವ ಫ್ಲ್ಯಾಟ್ ವಾಸಿಗಳಿಗೆ ಇದಕ್ಕಿಂತ ಅನುಕೂಲದ ದಾರಿ ಇಲ್ಲ.

ಇದಕ್ಕೆ ತೆರಬೇಕಾದ ಬೆಲೆ ಮೂರು: ಲೋಕೋದೊಳಗಿನ ಜಾಗ, ಚಾರ್ಜಿಂಗಿನ ರಗಳೆ, ಲಿಥಿಯಂ ಸೆಲ್ಲಿನ ಬೆಂಕಿಯ ಅಪಾಯ. ಆದ್ದರಿಂದ ಮೊದಲೇ ಒಂದು ನಿಯಮ ಇಟ್ಟುಕೊಳ್ಳಿ: ಅಳೆಯುವ ಮೊದಲು ಏನನ್ನೂ ಕೊಳ್ಳಬೇಡಿ. ಒಳಗಿನ ಖಾಲಿ ಜಾಗ ಎಷ್ಟು, ಮೋಟಾರು ಎಷ್ಟು ಕರೆಂಟ್ ಎಳೆಯುತ್ತದೆ ಎಂಬ ಎರಡು ಅಂಕಿ ಕೈಗೆ ಸಿಕ್ಕರೆ ಉಳಿದ ಆಯ್ಕೆಗಳು ಬಹುಪಾಲು ತಾವೇ ತೀರ್ಮಾನವಾಗುತ್ತವೆ.

ಯಾವ ಲೋಕೋ?

ಸ್ಕೇಲ್ ಚಿಕ್ಕದಾದಷ್ಟೂ ಕೆಲಸ ಕಷ್ಟ. 45 ಮಿ.ಮೀ. ಗೇಜಿನ ಗಾರ್ಡನ್ ರೈಲುಗಳಲ್ಲಿ ನಾಲ್ಕು 18650 ಲಿಥಿಯಂ ಸೆಲ್ (18 ಮಿ.ಮೀ. ವ್ಯಾಸ, 65 ಉದ್ದ) ಆರಾಮವಾಗಿ ಕೂರುತ್ತವೆ. 1:160ರ ಎನ್ ಸ್ಕೇಲಿನಲ್ಲಿ ಬ್ಯಾಟರಿಯನ್ನು ಲೋಕೋಗೆ ತುರುಕುವುದಕ್ಕಿಂತ ಹಿಂದಿನ ವ್ಯಾಗನ್ನಿನಲ್ಲಿಟ್ಟು ಎರಡು ತಂತಿ ಎಳೆಯುವುದೇ ಜಾಣತನ. 1:87ರ ಎಚ್‌ಒ ಇವೆರಡರ ನಡುವಿನದು. ಯೋಚಿಸಿ ಮಾಡಿದರೆ ಎಲ್ಲವೂ ಒಳಗೇ ಹಿಡಿಸುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಆ್ಯಥರ್ನ್ ಕಂಪನಿಯ ಹಳೆಯ ‘ಬ್ಲೂ ಬಾಕ್ಸ್’ ಸರಣಿಯ ಎಫ್7. 1949ರಿಂದ 1953ರವರೆಗೆ ತಯಾರಾದ ಇಎಂಡಿ ಎಫ್7 ಡೀಸೆಲ್ಲಿನ ಮಾದರಿ. ಈ ಆಯ್ಕೆಗೆ ಕಾರಣಗಳಿವೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ, ತಿರುಪಿಗಿಂತ ಕ್ಲಿಪ್ಪುಗಳೇ ಹೆಚ್ಚಾದ್ದರಿಂದ ಬಿಚ್ಚಲು ಸುಲಭ. ಜೊತೆಗೆ ಬಾಡಿ ಚಾಸಿಯಷ್ಟೇ ಅಗಲವಿದ್ದು ಮೋಟಾರಿನ ಮೇಲೆ ಒಳ್ಳೆಯ ಜಾಗ ಬಿಟ್ಟಿದೆ. ಉಗಿ ಎಂಜಿನ್ನಿಂದ ಆರಂಭಿಸಬೇಡಿ. ಅದರ ಟೆಂಡರಿನಲ್ಲಿ (ಹಿಂದಿನ ಕಲ್ಲಿದ್ದಲು ಗಾಡಿಯಲ್ಲಿ) ಜಾಗವಿದ್ದರೂ ಎಂಜಿನ್ ಮತ್ತು ಟೆಂಡರಿನ ನಡುವಿನ ತಂತಿಗಳು ತಿರುವಿನಲ್ಲಿ ಎಳೆದು ಹಳಿ ತಪ್ಪಿಸುತ್ತವೆ. ಅಗಲ ಕಡಿಮೆಯಿರುವ ಹುಡ್ ಡೀಸೆಲ್‌ಗಳೂ ಎರಡನೆಯ ಪ್ರಯತ್ನಕ್ಕಿರಲಿ. ಭಾರತೀಯ ಡೀಸೆಲ್‌ಗಳ ಎಚ್‌ಒ ಮಾದರಿ ಇದ್ದವರಿಗೂ ಕ್ರಮ ಇದೇ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ 1:87ರಲ್ಲಿ 19.3 ಮಿ.ಮೀ. ಆಗಬೇಕಿತ್ತು, ಆದರೆ ಎಚ್‌ಒ ಹಳಿ 16.5 ಮಿ.ಮೀ. ಇರುವುದರಿಂದ ಮಾದರಿಗಳೂ ಆ ಅಗಲಕ್ಕೇ ಒಗ್ಗಿಕೊಂಡಿವೆ. ಬ್ಯಾಟರಿಗೆ ಅದರಿಂದ ವ್ಯತ್ಯಾಸವೇನಿಲ್ಲ.

ಒಂದು ಎಚ್ಚರಿಕೆ: ಎಫ್7 ಹೆಸರಿನಲ್ಲಿ ರಬ್ಬರ್‌ಬ್ಯಾಂಡ್ ಡ್ರೈವಿನ ತೀರಾ ಹಳೆಯವೂ ಮೋಟಾರೇ ಇಲ್ಲದ ಡಮ್ಮಿಗಳೂ ಮಾರಾಟಕ್ಕೆ ಬರುತ್ತವೆ. ಬೇಕಿರುವುದು ಗೇರ್ ಡ್ರೈವಿನದು. ಡಮ್ಮಿಯೂ ವ್ಯರ್ಥವಲ್ಲ, ಅದರ ಉಪಯೋಗ ಮುಂದೆ ಬರುತ್ತದೆ.

ಮೊದಲ ಅಳತೆ: ಕರೆಂಟ್

ಬಾಡಿಯನ್ನು ತೆಗೆದಿಡಿ. ಲೋಕೋವನ್ನು ತಲೆಕೆಳಗಾಗಿ ಫೋಮಿನ ಮೇಲಿಟ್ಟು, ಬೆಂಚ್ ಪವರ್ ಸಪ್ಲೈಯಿಂದ ಮೋಟಾರಿಗೆ 8.4 ವೋಲ್ಟ್ ಕೊಡಿ. ಮಲ್ಟಿಮೀಟರನ್ನು 10 ಆಂಪ್ ರೇಂಜಿನಲ್ಲಿ ಸರಣಿಯಲ್ಲಿ ಜೋಡಿಸಿ ಮೂರು ಅಂಕಿ ಬರೆದುಕೊಳ್ಳಿ: ಚಕ್ರ ಗಾಳಿಯಲ್ಲಿ ತಿರುಗುವಾಗಿನದು, ಹಳಿಯ ಮೇಲೆ ಡಬ್ಬಿಗಳನ್ನು ಎಳೆಯುವಾಗಿನದು, ಫ್ಲೈವೀಲನ್ನು (ಮೋಟಾರ್ ಶಾಫ್ಟಿನ ಭಾರದ ಚಕ್ರ) ಬೆರಳಿನಿಂದ ಹಿಡಿದು ಪೂರ್ತಿ ನಿಲ್ಲಿಸಿದಾಗಿನದು. ಮೂರನೆಯದು ಸ್ಟಾಲ್ ಕರೆಂಟ್. ಒಂದೆರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬೇಡಿ, ವೈಂಡಿಂಗ್ ಸುಡುತ್ತದೆ.

ಹಳೆಯ ಆ್ಯಥರ್ನ್ ಮೋಟಾರುಗಳು ಹಸಿದ ಮೋಟಾರುಗಳು. ಈಗಿನ ಮುಚ್ಚಿದ ಕ್ಯಾನ್ ಮೋಟಾರಿಗಿಂತ ಹೆಚ್ಚು ಎಳೆಯುತ್ತವೆ. ಸ್ಟಾಲ್‌ನಲ್ಲಿ 1 ಆಂಪ್ ದಾಟಿದರೆ ಅಚ್ಚರಿ ಬೇಡ. ಖಾಲಿ ಓಟದಲ್ಲೇ ಅಂಕಿ ವಿಪರೀತವಾಗಿದ್ದರೆ ಬ್ಯಾಟರಿಯ ಮಾತು ಬದಿಗಿಟ್ಟು ಗೇರ್‌ಬಾಕ್ಸ್ ತೆರೆಯಿರಿ. ದಶಕಗಳ ಹಿಂದಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಗ್ರೀಸನ್ನು ಎಳ್ಳುಕಾಳಿನಷ್ಟು ಹಾಕಿ. ಕಮ್ಯುಟೇಟರನ್ನು (ಬ್ರಷ್ ತಾಗುವ ತಾಮ್ರದ ಭಾಗ) ಅದೇ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. ಆಮೇಲೆ ಇನ್ನೊಮ್ಮೆ ಅಳೆಯಿರಿ. ಈ ಅರ್ಧ ಗಂಟೆಯ ಕೆಲಸ ಓಟದ ಅವಧಿಯನ್ನು ಹೆಚ್ಚಿಸುವ ಅತಿ ಅಗ್ಗದ ಉಪಾಯ.

ಎರಡನೆಯ ಅಳತೆ: ಜಾಗ

ಸ್ಕೇಲ್ ಇಟ್ಟು ಅಂದಾಜು ಮಾಡಿದರೆ ತಪ್ಪುತ್ತದೆ, ಏಕೆಂದರೆ ಬಾಡಿಯ ಒಳಮೈ ಬಾಗಿದೆ, ಅಲ್ಲಲ್ಲಿ ಪಕ್ಕೆಗಳಿವೆ. ಮೋಟಾರಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಸಿನ್ ಉಂಡೆ ಇಟ್ಟು ಬಾಡಿಯನ್ನು ಪೂರ್ತಿ ಕೂರಿಸಿ. ತೆಗೆದಾಗ ಉಂಡೆ ಎಷ್ಟಕ್ಕೆ ಚಪ್ಪಟೆಯಾಗಿದೆಯೋ ಅದೇ ನಿಜವಾದ ಎತ್ತರ. ಇದನ್ನು ಮೋಟಾರಿನ ಮೇಲೆ, ಎರಡೂ ಗೇರ್ ಟವರ್‌ಗಳ (ಚಕ್ರಗಳ ಮೇಲೆ ನಿಂತ ಗೇರ್ ಗೂಡುಗಳ) ಮೇಲೆ, ಮೂತಿಯೊಳಗೆ, ಹೀಗೆ ನಾಲ್ಕು ಕಡೆ ಮಾಡಿ. ಗೇರ್ ಟವರ್ ತಿರುವಿನಲ್ಲಿ ಬೋಗಿಯೊಂದಿಗೆ (ಡಬ್ಬಿಯಲ್ಲ, ಚಕ್ರಗಳಿರುವ ತಿರುಗುವ ಚೌಕಟ್ಟು) ಅಕ್ಕಪಕ್ಕಕ್ಕೆ ಸರಿಯುತ್ತದೆ. ಬೋಗಿಯನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಅದು ಓಡಾಡುವಷ್ಟನ್ನು ಲೆಕ್ಕದಿಂದ ಕಳೆಯಿರಿ.

ಪೌಚ್ ಸೆಲ್ಲಿನ (ಚಪ್ಪಟೆ ಲಿಥಿಯಂ ಸೆಲ್) ಮೇಲಿನ ಆರು ಅಂಕಿಗಳು ಅದರ ಅಳತೆಯೇ. 502030 ಎಂದರೆ 5.0 ಮಿ.ಮೀ. ದಪ್ಪ, 20 ಮಿ.ಮೀ. ಅಗಲ, 30 ಮಿ.ಮೀ. ಉದ್ದ, ಸುಮಾರು 250 ಎಂಎಎಚ್ (ಮಿಲಿಆಂಪ್-ಗಂಟೆ, ಸೆಲ್ಲಿನ ಸಾಮರ್ಥ್ಯ). ಇದಕ್ಕೆ ತಂತಿ ಹೊರಡುವ ಕಡೆ 3–4 ಮಿ.ಮೀ., ದಪ್ಪದಲ್ಲಿ ಕನಿಷ್ಠ 1 ಮಿ.ಮೀ. ಹೆಚ್ಚುವರಿ ಬಿಡಿ. ಸೆಲ್ ಹಳತಾದಂತೆ ಸ್ವಲ್ಪ ಉಬ್ಬುತ್ತದೆ. ಬಿಗಿಯಾಗಿ ತುರುಕಿದ ಸೆಲ್ ಉಬ್ಬಿದರೆ ಬಾಡಿ ಬಿರುಕು ಬಿಡುವುದು ಚಿಕ್ಕ ನಷ್ಟ. ತಿರುಪಿನ ತುದಿ ಸೆಲ್ಲನ್ನು ಚುಚ್ಚುವುದು ದೊಡ್ಡದು.

ಎಷ್ಟು ವೋಲ್ಟ್, ಎಷ್ಟು ಎಂಎಎಚ್?

ಮೋಟಾರ್ 12 ವೋಲ್ಟಿನದು, ಲಿಥಿಯಂ ಸೆಲ್ 3.7ರದು. ಒಂದೇ ಸೆಲ್ ಇಟ್ಟು ಎಂಟಿ3608 ಬೂಸ್ಟ್ ಮಾಡ್ಯೂಲಿನಿಂದ 12ಕ್ಕೆ ಏರಿಸುವ ವಿಧಾನ ಬಹಳ ಕಡೆ ಕಾಣುತ್ತದೆ. ಈ ಮೋಟಾರಿಗೆ ಅದು ಬೇಡ. ಲೆಕ್ಕ ನೋಡಿ: ಓಡುವಾಗ ಮೋಟಾರ್ 12 ವೋಲ್ಟಿನಲ್ಲಿ 0.35 ಆಂಪ್ ಎಳೆಯುತ್ತದೆ ಎಂದುಕೊಂಡರೆ 4.2 ವಾಟ್. ಮಾಡ್ಯೂಲಿನ ದಕ್ಷತೆ ಶೇ. 85 ಎಂದುಕೊಂಡರೂ ಸೆಲ್ಲಿನಿಂದ 1.3 ಆಂಪ್ ಎಳೆಯಬೇಕು. ಸೆಲ್ ಖಾಲಿಯಾಗುತ್ತಾ 3.2 ವೋಲ್ಟಿಗಿಳಿದಾಗ ಅದು 1.5 ದಾಟುತ್ತದೆ. ಎಂಟಿ3608 ಚಿಪ್ಪಿನ ಸ್ವಿಚ್ಚಿನ ಮಿತಿ 4 ಆಂಪ್ ಆದರೂ ಮಾಡ್ಯೂಲಿಗೆ ಹೇಳುವ ಮಿತಿ 2 ಆಂಪ್ ಮಾತ್ರ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದು ಕಾಯುತ್ತದೆ, ಅದರ ಗದ್ದಲ ರೇಡಿಯೋಗೆ ಅಡ್ಡಿ ಮಾಡುತ್ತದೆ. 0.1 ಆಂಪ್ ಎಳೆಯುವ ಪುಟ್ಟ ಶಂಟರ್‌ಗೆ (ಡಬ್ಬಿಗಳನ್ನು ಜೋಡಿಸುವ ಎಂಜಿನ್ನಿಗೆ) ಮಾತ್ರ ಈ ದಾರಿ ಸರಿ.

ಎರಡು ಸೆಲ್ ಸರಣಿಯಲ್ಲಿ, ಅಂದರೆ 2ಎಸ್, ನೇರವಾಗಿ ಕೊಡಿ. ತುಂಬಿದಾಗ 8.4 ವೋಲ್ಟ್, ಸರಾಸರಿ 7.4. ವೇಗ ಶೇ. 60ಕ್ಕೆ ಇಳಿಯುತ್ತದೆ, ಅದೇ ಒಳ್ಳೆಯದು. 12 ವೋಲ್ಟಿನಲ್ಲಿ ಈ ಲೋಕೋಗಳು ಅಸಲಿ ಎಫ್7 ಕನಸಲ್ಲೂ ಕಾಣದ ವೇಗದಲ್ಲಿ ಓಡುತ್ತವೆ. ಗಂಟೆಗೆ 60 ಕಿ.ಮೀ. ವೇಗವನ್ನು 1:87ಕ್ಕೆ ಇಳಿಸಿದರೆ ಸೆಕೆಂಡಿಗೆ 19 ಸೆಂ.ಮೀ.; ಒಂದು ಮೀಟರ್ ಹಳಿಯನ್ನು 5.2 ಸೆಕೆಂಡಿನಲ್ಲಿ ದಾಟಿದರೆ ಸಾಕು. 7.4 ವೋಲ್ಟಿಗೆ ಇದು ಸಲೀಸು.

ಇನ್ನು ಸಾಮರ್ಥ್ಯ. ಮೋಟಾರಿಗೆ 0.35 ಆಂಪ್, ರೇಡಿಯೋ ಬೋರ್ಡಿಗೆ ಬ್ಯಾಟರಿಯಿಂದ ಸುಮಾರು 0.07, ಒಟ್ಟು 0.42. 500 ಎಂಎಎಚ್ ಪ್ಯಾಕಿನಲ್ಲಿ ಶೇ. 80 ಮಾತ್ರ ಬಳಸುವುದೆಂದರೆ 400 ಎಂಎಎಚ್. 400ನ್ನು 420ರಿಂದ ಭಾಗಿಸಿದರೆ 57 ನಿಮಿಷ. ಎಡೆಬಿಡದೆ ಓಡಿಸಿದಾಗಿನ ಲೆಕ್ಕ ಇದು. ಸ್ಟೇಷನ್ನಿನಲ್ಲಿ ನಿಲ್ಲಿಸಿ, ಶಂಟಿಂಗ್ ಮಾಡಿ ಆಡಿದರೆ ಒಂದು ಸಂಜೆ ಕಳೆಯುತ್ತದೆ.

ಎಂಎಎಚ್‌ಗಿಂತ ಹೆಚ್ಚು ಜನ ಎಡವುವುದು ಸಿ-ರೇಟಿಂಗಿನಲ್ಲಿ (ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಎಂಬ ಅಂಕಿ). ಬ್ಲೂಟೂತ್ ಸ್ಪೀಕರಿಗೆಂದು ಮಾಡಿದ ಅಗ್ಗದ ಪೌಚ್ ಸೆಲ್ ಸಾಮಾನ್ಯವಾಗಿ 1ಸಿಯದು. 500 ಎಂಎಎಚ್ ಇದ್ದರೆ 0.5 ಆಂಪ್ ಕೊಡಬಲ್ಲದು, ಅಷ್ಟೆ. ಮೋಟಾರ್ ಹೊರಡುವ ಕ್ಷಣದಲ್ಲಿ 1.2 ಆಂಪ್ ಕೇಳಿದರೆ ವೋಲ್ಟೇಜ್ ಕುಸಿದು ರೇಡಿಯೋ ಬೋರ್ಡ್ ರೀಸೆಟ್ ಆಗುತ್ತದೆ. ಡ್ರೋನ್ ಅಥವಾ ಪುಟ್ಟ ಹೆಲಿಕಾಪ್ಟರಿನ 20ಸಿ, 25ಸಿ ಲಿಪೋ (ಲಿಥಿಯಂ ಪಾಲಿಮರ್) ಪ್ಯಾಕ್ ತೆಗೆದುಕೊಳ್ಳಿ. ಉರುಟು ಸೆಲ್ ಬೇಕೆಂದರೆ 10440 (10 ಮಿ.ಮೀ. ವ್ಯಾಸ, 44 ಉದ್ದ, ಸುಮಾರು 350 ಎಂಎಎಚ್) ಅಥವಾ 14500 (14 ವ್ಯಾಸ, 50 ಉದ್ದ, ಸುಮಾರು 800 ಎಂಎಎಚ್) ನೋಡಬಹುದು. 14500 ಮೇಲೆ 2500 ಎಂದೋ 18650 ಮೇಲೆ 9900 ಎಂದೋ ಅಚ್ಚಾಗಿದ್ದರೆ ಅದು ಶುದ್ಧ ಸುಳ್ಳು, ಅಲ್ಲೇ ಬಿಟ್ಟು ಬನ್ನಿ.

ಯಾವ ರೇಡಿಯೋ?

ಸಿದ್ಧ ಸಾಮಾನು ಬೇಕಾದವರಿಗೆ ಬ್ರಿಟನ್ನಿನ ಮೈಕ್ರಾನ್, ಅಮೆರಿಕದ ಬ್ಲೂರೈಲ್, ರೈಲ್‌ಪ್ರೊ, ಏರ್‌ವೈರ್ ಹೀಗೆ ಹಲವಿವೆ. ಭಾರತಕ್ಕೆ ತರಿಸುವವರು ಫ್ರೀಕ್ವೆನ್ಸಿ ನೋಡಿ ತರಿಸಿ. ಅಮೆರಿಕದ ಕೆಲವು ಸೆಟ್‌ಗಳು 902–928 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಅದು ಎಲ್ಲರಿಗೂ ಮುಕ್ತ. ಇಲ್ಲಿ ಅದರ ಒಂದು ಭಾಗ ಮೊಬೈಲ್ ಕಂಪನಿಗಳ ಪಾಲಿನದು, ಬಳಸುವ ಹಾಗಿಲ್ಲ. ನಮ್ಮಲ್ಲಿ ಲೈಸೆನ್ಸ್ ಬೇಡದವುಗಳಲ್ಲಿ 2.4 ಗಿಗಾಹರ್ಟ್ಸ್ ಮತ್ತು 865 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿಗಳು ಸೇರಿವೆ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಈ ತೊಡಕಿಲ್ಲ, ಆದರೆ ಸೆಟ್ಟನ್ನು ಊರಿಗೆ ತರುವಾಗ ನೆನಪಿರಲಿ.

ಈ ಮಾರ್ಗದರ್ಶಿಯಲ್ಲಿ ಬಳಸುವುದು ಇಎಸ್‌ಪಿ32-ಸಿ3 ಸೂಪರ್ ಮಿನಿ ಬೋರ್ಡ್. ಸುಮಾರು 22.5 × 18 ಮಿ.ಮೀ., 2.4 ಗಿಗಾಹರ್ಟ್ಸ್ ವೈಫೈ. ಮೊಬೈಲೇ ಥ್ರಾಟಲ್ (ವೇಗದ ಹಿಡಿ). ಬೆಂಗಳೂರಿನವರಿಗೆ ಕೆಳಗಿನವುಗಳಲ್ಲಿ ಬಹುಪಾಲು ಎಸ್.ಪಿ. ರೋಡಿನ ಒಂದು ಸುತ್ತಿನಲ್ಲಿ ಸಿಗುತ್ತವೆ. ಬೇರೆ ಊರಿನವರಿಗೆ ಆನ್‌ಲೈನ್ ಅಂಗಡಿಗಳಿವೆ.

ಬೇಕಾದ ಸಾಮಾನು

– 2ಎಸ್ ಲಿಪೋ ಪ್ಯಾಕ್, 7.4 ವೋಲ್ಟ್, 450–500 ಎಂಎಎಚ್, 20ಸಿ ಅಥವಾ ಹೆಚ್ಚು, 3 ಪಿನ್ ಬ್ಯಾಲೆನ್ಸ್ ಕನೆಕ್ಟರ್ ಸಹಿತ: 1
– 2ಎಸ್ ಪ್ರೊಟೆಕ್ಷನ್ ಬೋರ್ಡ್, 3 ಆಂಪ್: 1 (ಡ್ರೋನ್ ಪ್ಯಾಕಿನಲ್ಲಿ ಇದು ಇರುವುದಿಲ್ಲ)
– ಇಎಸ್‌ಪಿ32-ಸಿ3 ಸೂಪರ್ ಮಿನಿ: 1
– ಡಿಆರ್‌ವಿ8833 ಮೋಟಾರ್ ಡ್ರೈವರ್ ಮಾಡ್ಯೂಲ್: 1
– ಎಂಪಿ1584 ಬಕ್ (ವೋಲ್ಟೇಜ್ ಇಳಿಸುವ) ಮಾಡ್ಯೂಲ್, 5 ವೋಲ್ಟಿಗೆ ಹೊಂದಿಸಿದ್ದು: 1
– ರೀಸೆಟೆಬಲ್ ಫ್ಯೂಸ್, 1.1 ಆಂಪ್ ಹೋಲ್ಡ್: 1
– ಡಬಲ್ ಪೋಲ್ ಸ್ಲೈಡ್ ಸ್ವಿಚ್: 1
– 470 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪಾಸಿಟರ್: 1, 0.1 ಮೈಕ್ರೋಫ್ಯಾರಡ್ ಸೆರಾಮಿಕ್: 2
– ರೆಸಿಸ್ಟರ್: 100 ಕಿಲೋಓಮ್ 1, 33 ಕಿಲೋಓಮ್ 1, 1 ಕಿಲೋಓಮ್ 1, 4.7 ಕಿಲೋಓಮ್ 1
– ವಾರ್ಮ್ ವೈಟ್ 3 ಮಿ.ಮೀ. ಎಲ್‌ಇಡಿ 1, ಬಿಸಿ547 ಟ್ರಾನ್ಸಿಸ್ಟರ್ 1
– ಸಿಲಿಕೋನ್ ತಂತಿ: ಬ್ಯಾಟರಿಗೆ 26 ಗೇಜ್, ಉಳಿದದ್ದಕ್ಕೆ 30 ಗೇಜ್, ತಲಾ 1 ಮೀಟರ್
– ಕ್ಯಾಪ್ಟನ್ (Kapton) ಟೇಪ್ (ಶಾಖ ತಾಳುವ, ಕರೆಂಟ್ ತಡೆಯುವ ಟೇಪ್), ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ), ಡಬಲ್ ಸೈಡ್ ಫೋಮ್ ಟೇಪ್

ಡಿಆರ್‌ವಿ8833ರ ಗರಿಷ್ಠ ಮಿತಿ 10.8 ವೋಲ್ಟ್. 2ಎಸ್‌ಗೆ ಸರಿ, 3ಎಸ್ ಕೊಟ್ಟರೆ ಹೊಗೆ. ಎಲ್298ಎನ್ ಎಂಬ ಕೆಂಪು ಬೋರ್ಡನ್ನು ಅಂಗಡಿಯವರು ಕೈಗಿಡಲು ನೋಡುತ್ತಾರೆ. ಬೇಡ ಎನ್ನಿ: ಗಾತ್ರ ದೊಡ್ಡದು, ಸಾಲದ್ದಕ್ಕೆ ಸುಮಾರು 2 ವೋಲ್ಟ್ ತಾನೇ ನುಂಗುತ್ತದೆ. 7.4ರಲ್ಲಿ 2 ಹೋದರೆ ಉಳಿಯುವುದೇನು?

ಮೋಟಾರನ್ನು ಚಾಸಿಯಿಂದ ಬೇರ್ಪಡಿಸುವುದು

ಇಡೀ ಕೆಲಸದಲ್ಲಿ ಆತುರ ಸಲ್ಲದ ಹಂತ ಇದು. ಬ್ಲೂ ಬಾಕ್ಸ್ ಲೋಕೋಗಳಲ್ಲಿ ಲೋಹದ ಚಾಸಿಯೇ ಒಂದು ತಂತಿ. ಒಂದು ಹಳಿಯ ಕರೆಂಟ್ ಬೋಗಿಯಿಂದ ಚಾಸಿಗೆ ಬಂದು, ಮೋಟಾರಿನ ಕೆಳಗಿನ ಬ್ರಷ್ ಕ್ಲಿಪ್ಪಿನ ಮೂಲಕ ಒಳಸೇರುತ್ತದೆ. ಇನ್ನೊಂದು ಹಳಿಯದ್ದು ಎರಡೂ ಬೋಗಿಗಳಿಂದ ಮೇಲೆದ್ದು, ಮೋಟಾರಿನ ನೆತ್ತಿಯ ಮೇಲೆ ಹಾದುಹೋಗುವ ಉದ್ದನೆಯ ಲೋಹದ ಪಟ್ಟಿಯಿಂದ ಮೇಲಿನ ಕ್ಲಿಪ್ಪಿಗೆ ಬರುತ್ತದೆ. ಎರಡನ್ನೂ ಕಡಿಯಬೇಕು.

ಮೊದಲು ನೆತ್ತಿಯ ಪಟ್ಟಿಯನ್ನು ಎತ್ತಿ ತೆಗೆಯಿರಿ. ಆಮೇಲೆ ಎರಡೂ ಗೇರ್ ಟವರ್‌ಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಸಡಿಲಿಸಿ ವರ್ಮ್ (ತಿರುಪಿನಾಕಾರದ ಗೇರ್) ಎತ್ತಿದರೆ ಡ್ರೈವ್ ಶಾಫ್ಟ್ ಬಿಡುತ್ತದೆ. ವರ್ಮಿನ ಎರಡೂ ಬದಿಯ ಬೇರಿಂಗ್ ಮತ್ತು ಪುಟ್ಟ ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಎಂದು ಫೋಟೋ ತೆಗೆದುಕೊಳ್ಳಿ. ಚಾಸಿಯ ತಳದಿಂದ ಮೋಟಾರಿನ ಮೌಂಟ್‌ಗಳನ್ನು ಮೇಲಕ್ಕೆ ತಳ್ಳಿ ಮೋಟಾರನ್ನು ಹೊರತೆಗೆಯಿರಿ.

ಮೋಟಾರ್ ತಿರುಗಿಸಿ ನೋಡಿದರೆ ಕೆಳಗಿನ ಕ್ಲಿಪ್ಪಿನಿಂದ ಎರಡು ಪುಟ್ಟ ಕಿವಿಗಳು ಚಾಚಿರುವುದು ಕಾಣುತ್ತದೆ. ಚಾಸಿಗೆ ತಾಗುವುದು ಅವೇ. ಕ್ಲಿಪ್ಪನ್ನು ತೆಗೆಯುವಾಗ ಬೆರಳನ್ನು ಅದರ ಮೇಲೆ ಒತ್ತಿ ಹಿಡಿದೇ ಸರಿಸಿ. ಕೆಳಗೊಂದು ಸ್ಪ್ರಿಂಗ್, ಅದರ ಕೆಳಗೆ ಬ್ರಷ್ ಇದೆ, ಬಿಟ್ಟರೆ ಸ್ಪ್ರಿಂಗ್ ಹಾರಿ ಹೋಗಿ ಸೋಫಾದ ಅಡಿ ಸೇರುತ್ತದೆ. ಕಿವಿಗಳನ್ನು ಕತ್ತರಿಸಿ, ಅರದಿಂದ ಮಟ್ಟ ಮಾಡಿ. ಆ ಕ್ಲಿಪ್ಪಿಗೆ 8 ಸೆಂ.ಮೀ. ತಂತಿಯನ್ನು ಹೊರಗಿಟ್ಟೇ ಬೆಸುಗೆ ಹಾಕಿ. ಮೋಟಾರಿನಲ್ಲಿದ್ದಾಗಲೇ ಬೆಸೆದರೆ ಪ್ಲಾಸ್ಟಿಕ್ ಕರಗಿ ಬ್ರಷ್ ದಾರಿ ಸೊಟ್ಟಗಾಗುತ್ತದೆ. ಅರದ ಪುಡಿ ಮೋಟಾರಿನ ಹತ್ತಿರವೂ ಸುಳಿಯಬಾರದು, ಅಯಸ್ಕಾಂತಕ್ಕೆ ಅಂಟಿದ ಪುಡಿಯನ್ನು ಬಿಡಿಸುವುದು ಬೇಡದ ಕೆಲಸ. ಮೇಲಿನ ಕ್ಲಿಪ್ಪಿಗೂ ಇದೇ ರೀತಿ ಇನ್ನೊಂದು ತಂತಿ. ಎರಡು ತಂತಿಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಮೋಟಾರಿಗೆ ಆದಷ್ಟು ಹತ್ತಿರ ಬೆಸೆಯಿರಿ. ಬ್ರಷ್ ಕಿಡಿಯ ಗದ್ದಲವನ್ನು ಅದು ಅಲ್ಲೇ ಅಡಗಿಸುತ್ತದೆ.

ಚಾಸಿಯ ಗುಂಡಿಯಲ್ಲಿ ಕ್ಯಾಪ್ಟನ್ ಟೇಪ್ ಎರಡು ಪದರ ಅಂಟಿಸಿ ಮೋಟಾರನ್ನು ಮರಳಿ ಕೂರಿಸಿ. ಈಗ ಮಲ್ಟಿಮೀಟರನ್ನು ಓಮ್ ರೇಂಜಿಗಿಟ್ಟು ಪರೀಕ್ಷಿಸಿ. ಮೋಟಾರಿನ ಎರಡೂ ತಂತಿಗಳಿಂದ ಚಾಸಿಗೆ, ಪ್ರತಿಯೊಂದು ಚಕ್ರಕ್ಕೆ, ಎಲ್ಲ ಕಡೆ ಓಪನ್ ಬರಬೇಕು. ಫ್ಲೈವೀಲ್ ತಿರುಗಿಸುತ್ತಾ, ಬೋಗಿಗಳನ್ನು ಆಚೀಚೆ ತಿರುಗಿಸುತ್ತಾ ನೋಡಿ. ಸತ್ತ ಹಳಿಯ ಮೇಲೆ ಓಡಿಸುವಾಗ ಈ ತಪ್ಪು ಬಯಲಾಗುವುದೇ ಇಲ್ಲ. ಗೆಳೆಯರ ಡಿಸಿಸಿ (ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ) ಲೇಔಟಿನ ಮೇಲೆ ಇಟ್ಟ ಕೂಡಲೇ ಹಳಿಯ 14–16 ವೋಲ್ಟ್ ನೇರ ನಿಮ್ಮ ಡ್ರೈವರಿಗೆ ನುಗ್ಗುತ್ತದೆ, ಅಲ್ಲಿಗೆ ಮುಗಿಯಿತು.

ಹೊಸ ಕಾಲದ ‘ಡಿಸಿಸಿ ರೆಡಿ’ ಲೋಕೋ ಇದ್ದವರಿಗೆ ಇದೆಲ್ಲ ಬೇಡ. ಎಂಟು ಪಿನ್ನಿನ ಸಾಕೆಟ್ಟಿನಲ್ಲಿ ಕಿತ್ತಳೆ ಮತ್ತು ಬೂದು ತಂತಿ ಮೋಟಾರಿಗೆ, ಕೆಂಪು ಮತ್ತು ಕಪ್ಪು ಹಳಿಗೆ. ಕೆಂಪು-ಕಪ್ಪನ್ನು ಕತ್ತರಿಸಿ ತುದಿಗೆ ಹೀಟ್‌ಶ್ರಿಂಕ್ ಹಾಕಿ, ಕಿತ್ತಳೆ-ಬೂದನ್ನು ಡ್ರೈವರಿಗೆ ಕೊಡಿ.

ಸರ್ಕ್ಯೂಟ್ ಜೋಡಣೆ, ಮೇಜಿನ ಮೇಲೆ

ಲೋಕೋದೊಳಗೆ ಸೇರಿಸುವ ಮೊದಲು ಎಲ್ಲವನ್ನೂ ಮೇಜಿನ ಮೇಲೆ ಹರಡಿ ಓಡಿಸಿ ನೋಡಬೇಕು. ಹಾದಿ ಹೀಗೆ: ಬ್ಯಾಟರಿ, ಪ್ರೊಟೆಕ್ಷನ್ ಬೋರ್ಡ್, ಫ್ಯೂಸ್, ಸ್ವಿಚ್. ಅಲ್ಲಿಂದ ಎರಡು ಕವಲು: ಒಂದು ಡ್ರೈವರಿನ ವಿಎಂ (ಮೋಟಾರಿನ ಕರೆಂಟ್ ಬರುವ) ಪಿನ್ನಿಗೆ, ಇನ್ನೊಂದು ಬಕ್ ಮಾಡ್ಯೂಲಿಗೆ. ಪುಟ್ಟ ಸ್ಲೈಡ್ ಸ್ವಿಚ್ಚುಗಳ ಒಂದು ಪೋಲ್ ಹೆಚ್ಚೆಂದರೆ ಅರ್ಧ ಆಂಪ್ ತಾಳುತ್ತದೆ, ಆದ್ದರಿಂದ ಎರಡೂ ಪೋಲ್‌ಗಳನ್ನು ಜೋಡಿಸಿ ಒಂದೇ ಮಾಡಿ. 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಡ್ರೈವರಿನ ವಿಎಂ ಮತ್ತು ಗ್ರೌಂಡ್ ನಡುವೆ, ಪಟ್ಟಿಯಿರುವ ಕಾಲು ಗ್ರೌಂಡಿಗೆ.

ಬಕ್ ಮಾಡ್ಯೂಲ್ ಅಂಗಡಿಯಿಂದ ಬಂದಾಗ ಯಾವ ವೋಲ್ಟೇಜಿಗೆ ನಿಂತಿರುತ್ತದೋ ಹೇಳಲಾಗದು. ಇಎಸ್‌ಪಿ ಬೋರ್ಡ್ ಜೋಡಿಸುವ ಮೊದಲೇ ಟ್ರಿಮ್‌ಪಾಟ್ ತಿರುಗಿಸಿ 5.0ಕ್ಕೆ ತನ್ನಿ, ಒಂದು ಚುಕ್ಕೆ ನೇಲ್ ಪಾಲಿಶ್ ಹಾಕಿ ಅದನ್ನು ಅಲ್ಲೇ ಕಟ್ಟಿಹಾಕಿ. ಔಟ್‌ಪುಟ್ ಬೋರ್ಡಿನ 5ವಿ ಪಿನ್ನಿಗೆ. ಯುಎಸ್‌ಬಿಯಿಂದ ಪ್ರೋಗ್ರಾಮ್ ಮಾಡುವಾಗ ಈ ತಂತಿ ಬಿಚ್ಚಿರಲಿ.

ಡ್ರೈವರಿನ ಇನ್‌ಪುಟ್‌ಗಳನ್ನು ಇಎಸ್‌ಪಿ ಬೋರ್ಡಿನ ಜಿಪಿಐಒ (ಇನ್‌ಪುಟ್-ಔಟ್‌ಪುಟ್ ಪಿನ್) 4 ಮತ್ತು 5ಕ್ಕೆ ಕೊಡಿ. 2, 8, 9ನೇ ಪಿನ್ನುಗಳು ಬೂಟ್ ಆಗುವಾಗ ಬೇಕಾದವು, ಮುಟ್ಟಬೇಡಿ. ಡ್ರೈವರ್ ಮಾಡ್ಯೂಲಿನ ಮೇಲೆ ಇಇಪಿ ಎಂದು ಬರೆದ ಪಿನ್ ಹೈ ಆಗಿರಲೇಬೇಕು. ಅದನ್ನು ಖಾಲಿ ಬಿಟ್ಟರೆ ಡ್ರೈವರ್ ನಿದ್ದೆಯಿಂದ ಏಳುವುದೇ ಇಲ್ಲ. ಎಲ್ಲ ಸರಿಯಿದ್ದೂ ಮೋಟಾರ್ ಅಲುಗದಿದ್ದರೆ ಮೊದಲು ನೋಡಬೇಕಾದ ಜಾಗ ಇದು. ಆ ಪಿನ್ನನ್ನು 3.3 ವೋಲ್ಟಿಗೆ ಜೋಡಿಸಿ.

ಈ ಡ್ರೈವರ್ ಚಿಪ್ಪಿನಲ್ಲಿ ಎರಡು ಬ್ರಿಡ್ಜ್ (ಮೋಟಾರನ್ನು ಎರಡೂ ದಿಕ್ಕಿಗೆ ಓಡಿಸುವ ಸರ್ಕ್ಯೂಟ್) ಇವೆ. ಒಂದೊಂದೂ ಕಾಗದದ ಮೇಲೆ 1.5 ಆಂಪ್ ಕೊಟ್ಟರೂ ಹೀಟ್‌ಸಿಂಕ್ ಇಲ್ಲದ ಪುಟ್ಟ ಬೋರ್ಡಿನಲ್ಲಿ 1 ಆಂಪ್ ದಾಟಿಸದಿರುವುದೇ ಕ್ಷೇಮ. ಸ್ಟಾಲ್ ಕರೆಂಟ್ ಅದಕ್ಕಿಂತ ಹೆಚ್ಚಿದ್ದರೆ ಎರಡೂ ಬ್ರಿಡ್ಜನ್ನು ಒಟ್ಟುಗೂಡಿಸಿ: ಐಎನ್1ಕ್ಕೆ ಐಎನ್3, ಐಎನ್2ಕ್ಕೆ ಐಎನ್4, ಔಟ್‌ಪುಟ್‌ಗಳೂ ಹಾಗೇ. ಬೇರೆ ಬೇರೆ ತಯಾರಕರ ಬೋರ್ಡಿನಲ್ಲಿ ಹೆಸರುಗಳ ಕ್ರಮ ಅದಲುಬದಲಾಗಿರಬಹುದು. ಆದ್ದರಿಂದ ಕೂಡಿಸುವ ಮೊದಲು ಒಂದೊಂದೇ ಇನ್‌ಪುಟ್ಟನ್ನು ಹೈ ಮಾಡಿ ಯಾವ ಔಟ್‌ಪುಟ್ ಏರುತ್ತದೆ ಎಂದು ಮೀಟರಿನಲ್ಲಿ ನೋಡಿ. ತಪ್ಪಾಗಿ ಕೂಡಿಸಿದರೆ ಎರಡು ಬ್ರಿಡ್ಜ್ ಒಂದಕ್ಕೊಂದು ಶಾರ್ಟ್ ಆಗುತ್ತವೆ.

ಬ್ಯಾಟರಿ ಮಟ್ಟ ಓದಲು 100 ಕಿಲೋಓಮ್ ಮತ್ತು 33 ಕಿಲೋಓಮ್ ರೆಸಿಸ್ಟರ್‌ಗಳ ವೋಲ್ಟೇಜ್ ವಿಭಾಜಕವನ್ನು ಸ್ವಿಚ್ಚಿನ ನಂತರದ ತುದಿಯಿಂದ ಜಿಪಿಐಒ 0ಗೆ ಕೊಡಿ. 8.4 ವೋಲ್ಟಿಗೆ ಪಿನ್ನಿನಲ್ಲಿ 2.08, 6.6ಕ್ಕೆ 1.64 ಬರುತ್ತದೆ. 33 ಕಿಲೋಓಮಿಗೆ ಅಡ್ಡಲಾಗಿ ಎರಡನೆಯ 0.1 ಮೈಕ್ರೋಫ್ಯಾರಡ್ ಇರಲಿ. ವಿಭಾಜಕವನ್ನು ಸ್ವಿಚ್ಚಿನ ಮೊದಲೇ ಜೋಡಿಸಿದರೆ ಕಪಾಟಿನಲ್ಲಿಟ್ಟ ಲೋಕೋ ತಿಂಗಳುಗಟ್ಟಲೆ ಸೆಲ್ಲನ್ನು ಹೀರುತ್ತಿರುತ್ತದೆ.

ಹೆಡ್‌ಲೈಟಿನ ಹಳೆಯ ಬಲ್ಬ್ ಕಿತ್ತುಹಾಕಿ. ಬ್ಯಾಟರಿ ಪ್ಲಸ್ಸಿನಿಂದ 1 ಕಿಲೋಓಮ್, ಎಲ್‌ಇಡಿ, ಬಿಸಿ547ರ ಕಲೆಕ್ಟರ್, ಎಮಿಟರ್ ಗ್ರೌಂಡಿಗೆ, ಬೇಸ್ 4.7 ಕಿಲೋಓಮ್ ಮೂಲಕ ಜಿಪಿಐಒ 6ಕ್ಕೆ. 4 ಮಿಲಿಆಂಪ್‌ನಷ್ಟು ಹರಿಯುತ್ತದೆ, ಕಣ್ಣಿಗೆ ಅಷ್ಟು ಬೆಳಕು ಸಾಕು.

ಪ್ರೋಗ್ರಾಮಿನಲ್ಲಿ ಇರಲೇಬೇಕಾದವು

ಬೋರ್ಡನ್ನು ಆ್ಯಕ್ಸೆಸ್ ಪಾಯಿಂಟ್ ಮಾಡಿ; ಮೊಬೈಲಿನಿಂದ ಅದರ ವೈಫೈಗೆ ಸೇರಿ ಬ್ರೌಸರಿನಲ್ಲಿ 192.168.4.1 ತೆರೆದರೆ ಸ್ಲೈಡರ್ ಇರುವ ಪುಟ ಬರುವಂತಿರಲಿ. ಆರ್ಡುಯಿನೋದ ಇಎಸ್‌ಪಿ32 ಕೋರ್ 3ನೇ ಆವೃತ್ತಿಯಿಂದ ಪಿಡಬ್ಲ್ಯೂಎಂ (ಕರೆಂಟನ್ನು ಪಟಪಟನೆ ಕಡಿದು-ಬಿಟ್ಟು ವೇಗ ಹಿಡಿಯುವ) ಫಂಕ್ಷನ್‌ಗಳು ಬದಲಾಗಿವೆ, ಹಳೆಯ ಮಾದರಿ ಕೋಡ್ ಹಾಗೆಯೇ ಹಾಕಿದರೆ ಕಂಪೈಲ್ ಆಗುವುದಿಲ್ಲ. ಸೂಪರ್ ಮಿನಿ ಬೋರ್ಡುಗಳಲ್ಲಿ ಆ್ಯಂಟೆನಾ ಕಳಪೆಯಿದ್ದು ಮೊಬೈಲಿಗೆ ಕಂಡರೂ ಸೇರಿಕೊಳ್ಳದಿರುವುದುಂಟು; ಟ್ರಾನ್ಸ್‌ಮಿಟ್ ಪವರನ್ನು 8.5 ಡಿಬಿಎಂಗೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ಹೆಚ್ಚಿಸಿದರೆ ಅಲ್ಲ, ಇಳಿಸಿದರೆ.

ನಾಲ್ಕು ವಿಷಯಗಳಲ್ಲಿ ರಾಜಿ ಬೇಡ.

ಫೇಲ್‌ಸೇಫ್: ಹಳಿಯ ಕರೆಂಟಿನ ರೈಲನ್ನು ಮೇನ್ ಸ್ವಿಚ್ ಆರಿಸಿ ನಿಲ್ಲಿಸಬಹುದು. ಬ್ಯಾಟರಿ ಲೋಕೋಗೆ ಅಂಥ ಸ್ವಿಚ್ಚೇ ಇಲ್ಲ. ಮೊಬೈಲಿಗೆ ಕರೆ ಬಂತು, ಬ್ರೌಸರ್ ಹಿಂದೆ ಸರಿಯಿತು ಎಂದರೆ ಲೋಕೋ ಮೇಜಿನ ಅಂಚಿನವರೆಗೆ ಹೋಗಿ ಕೆಳಕ್ಕೆ ಬೀಳುತ್ತದೆ. ಪುಟದಿಂದ ಅರ್ಧ ಸೆಕೆಂಡಿಗೊಮ್ಮೆ ಸಂದೇಶ ಬರಬೇಕು, 1.5 ಸೆಕೆಂಡ್ ಬಾರದಿದ್ದರೆ ಮೋಟಾರ್ ನಿಲ್ಲಬೇಕು.

ವೋಲ್ಟೇಜ್ ಮಿತಿ: 6.6 ವೋಲ್ಟಿಗೆ ಲೈಟ್ ಮಿನುಗಿಸಿ ನಿಧಾನವಾಗಿ ನಿಲ್ಲಿಸಿ. ಪ್ರೊಟೆಕ್ಷನ್ ಬೋರ್ಡ್ ಇದೆಯಲ್ಲ ಎನ್ನಬೇಡಿ. ಹಲವು ಬೋರ್ಡುಗಳು ಸೆಲ್ಲಿಗೆ 2.4–2.5 ವೋಲ್ಟಿಗಿಳಿದ ಮೇಲೆಯೇ ಕಡಿಯುತ್ತವೆ, ಅಷ್ಟರಲ್ಲಿ ಸೆಲ್ಲಿನ ಆಯುಷ್ಯಕ್ಕೆ ಪೆಟ್ಟು ಬಿದ್ದಿರುತ್ತದೆ. ಓದಿದ ಅಂಕಿಗಳಲ್ಲಿ ಹದಿನಾರರ ಸರಾಸರಿ ತೆಗೆಯಿರಿ, ಇಲ್ಲವಾದರೆ ಹೊರಡುವ ಕ್ಷಣದ ಕುಸಿತಕ್ಕೇ ಹೆದರಿ ನಿಲ್ಲುತ್ತದೆ.

ವೇಗೋತ್ಕರ್ಷ: ಸ್ಲೈಡರ್ ಎಳೆದ ಕೂಡಲೇ ಪೂರ್ಣ ವೇಗ ಬೇಡ. ಸೊನ್ನೆಯಿಂದ ಪೂರ್ಣಕ್ಕೆ 8 ಸೆಕೆಂಡ್ ಹಿಡಿಯಲಿ. ನೋಡಲೂ ಚೆಂದ, ಕರೆಂಟಿನ ನೆಗೆತವೂ ತಗ್ಗುತ್ತದೆ. ದಿಕ್ಕು ಬದಲಿಸುವಾಗ ಮೊದಲು ಸೊನ್ನೆಗೆ ಬರಲೇಬೇಕು.

ಪಿಡಬ್ಲ್ಯೂಎಂ: 20 ಕಿಲೋಹರ್ಟ್ಸ್‌ನಿಂದ ಆರಂಭಿಸಿ, ಕಿವಿಗೆ ಶಬ್ದವಿಲ್ಲ. ಒಂದು ಇನ್‌ಪುಟ್ಟನ್ನು ಹೈಯಲ್ಲಿಟ್ಟು ಇನ್ನೊಂದಕ್ಕೆ ತಲೆಕೆಳಗಾದ ಪಿಡಬ್ಲ್ಯೂಎಂ ಕೊಟ್ಟರೆ ಡ್ರೈವರ್ ಸ್ಲೋ ಡಿಕೇ ಮೋಡಿನಲ್ಲಿ ಕೆಲಸ ಮಾಡುತ್ತದೆ. ನಿಧಾನದ ಓಟ ಇದರಲ್ಲೇ ಹಿಡಿತಕ್ಕೆ ಸಿಗುವುದು. ಹಾಗೆಯೂ ಹಳೆಯ ಮೋಟಾರ್ ತೆವಳುವ ವೇಗದಲ್ಲಿ ಅಂಟಿಕೊಂಡರೆ ಫ್ರೀಕ್ವೆನ್ಸಿಯನ್ನು 200 ಹರ್ಟ್ಸ್ ಆಸುಪಾಸಿಗೆ ಇಳಿಸಿ ನೋಡಿ. ಗುಂಯ್‌ಗುಡುತ್ತದೆ, ಆದರೆ ಪ್ರತಿ ಪೆಟ್ಟಿಗೂ ಆರ್ಮೇಚರ್ ಒಂದಿಷ್ಟು ಅಲುಗುತ್ತದೆ. ಕೋರ್‌ಲೆಸ್ ಮೋಟಾರಿಗೆ ಮಾತ್ರ ಹೀಗೆ ಇಳಿಸಬಾರದು.

ಒಳಗೆ ಕೂರಿಸುವುದು

ಬ್ಯಾಟರಿ ಮೋಟಾರಿನ ಮೇಲೆ, ನಡುವೆ 1 ಮಿ.ಮೀ. ಸ್ಟೈರೀನ್ ಹಾಳೆಯ ಸೇತುವೆ. ಸೆಲ್ ಫ್ಲೈವೀಲಿಗೆ ತಾಗಿದರೆ ನಿಮಿಷಗಳಲ್ಲಿ ಹೊದಿಕೆ ಸವೆದುಹೋಗುತ್ತದೆ. ಡ್ರೈವರ್ ಮತ್ತು ಬಕ್ ಹಿಂದಿನ ಬೋಗಿಯ ಮೇಲೆ, ಬಾಡಿಯ ಸೂರಿಗೆ ಫೋಮ್ ಟೇಪಿನಿಂದ. ಇಎಸ್‌ಪಿ ಬೋರ್ಡ್ ಮೂತಿಯ ಕಡೆ, ಆ್ಯಂಟೆನಾ ಲೋಹದಿಂದ ದೂರ, ಮೇಲ್ಮುಖವಾಗಿ. ಪ್ಲಾಸ್ಟಿಕ್ ಬಾಡಿ ಸಿಗ್ನಲ್ ತಡೆಯುವುದಿಲ್ಲ. ಹಿತ್ತಾಳೆ ಬಾಡಿಯ ಮಾದರಿಗಳಲ್ಲಿ ಆ್ಯಂಟೆನಾಕ್ಕೆ ಕಿಟಕಿಯೊಂದನ್ನು ಹುಡುಕಲೇಬೇಕು.

ಚಾರ್ಜಿಂಗಿನ 3 ಪಿನ್ ಸಾಕೆಟ್ಟಿಗೆ ಎಫ್7ನ ಹಿಂಬಾಗಿಲು ಹೇಳಿಮಾಡಿಸಿದ ಜಾಗ. ಬಾಗಿಲನ್ನು ಕೊರೆದು ಸಾಕೆಟ್ ಕೂರಿಸಿದರೆ ಹಿಂದಿನ ಡಬ್ಬಿ ಅದನ್ನು ಮುಚ್ಚಿಡುತ್ತದೆ. ಬ್ಯಾಟರಿ ತಂತಿಗಳನ್ನು ಮೊಟಕುಗೊಳಿಸುವಾಗ ಒಂದನ್ನು ಕತ್ತರಿಸಿ, ಬೆಸೆದು, ಟೇಪ್ ಸುತ್ತಿದ ಮೇಲಷ್ಟೇ ಇನ್ನೊಂದಕ್ಕೆ ಕೈ ಹಾಕಿ. ಎರಡನ್ನೂ ಕತ್ತರಿಯ ಒಂದೇ ಏಟಿಗೆ ಸಿಕ್ಕಿಸಿದರೆ ಕತ್ತರಿಯ ಅಲಗೇ ಶಾರ್ಟ್ ಆಗುತ್ತದೆ. ಸಿದ್ಧ ಕನೆಕ್ಟರುಗಳ ಕೆಂಪು-ಕಪ್ಪನ್ನು ನಂಬಬೇಡಿ, ಒಂದೇ ಅಂಗಡಿಯ ಎರಡು ಪೊಟ್ಟಣಗಳಲ್ಲೂ ಅವು ಅದಲುಬದಲಾಗಿರುತ್ತವೆ. ಮೀಟರ್ ಹಿಡಿಯಿರಿ.

ಯಾವ ಲೆಕ್ಕದಲ್ಲೂ ಜಾಗ ಸಾಲದಿದ್ದರೆ ಆ ಡಮ್ಮಿ ಎಫ್7ಗೆ ಈಗ ಕೆಲಸ. ಅದರೊಳಗೆ ಎರಡು 18650 ಇಟ್ಟು ಎರಡು ತಂತಿಯ ಪ್ಲಗ್ ಎಳೆಯಿರಿ. ಎಫ್7ಗಳು ಸಾಮಾನ್ಯವಾಗಿ ಜೋಡಿಯಾಗಿ ಓಡುತ್ತಿದ್ದವು, ಆದ್ದರಿಂದ ನೋಟವೂ ಕೆಡುವುದಿಲ್ಲ. ಸೆಲ್ಲಿನ ಭಾರ ಡಮ್ಮಿಯನ್ನು ಹಳಿಯ ಮೇಲೆ ಗಟ್ಟಿಯಾಗಿ ಕೂರಿಸುತ್ತದೆ.

ಚಾರ್ಜಿಂಗ್

ನೀಲಿ ಬಣ್ಣದ ಟಿಪಿ4056 ಮಾಡ್ಯೂಲ್ ಒಂದೇ ಸೆಲ್ಲಿಗೆ ಮಾತ್ರ. 2ಎಸ್ ಪ್ಯಾಕಿಗೆ ಬ್ಯಾಲೆನ್ಸ್ ಚಾರ್ಜರ್ ಬೇಕು. 500 ಎಂಎಎಚ್‌ಗೆ ಚಾರ್ಜರನ್ನು ಲಿಪೋ, 2ಎಸ್, 0.3 ಆಂಪ್ ಎಂದು ಹೊಂದಿಸಿ. ಒಂದೇ ಸೆಲ್ಲಿನ ಪುಟ್ಟ ಶಂಟರ್ ಮಾಡುವವರು ಟಿಪಿ4056 ಬಳಸುವುದಾದರೆ ಅದರ ಮೇಲಿನ 1.2 ಕಿಲೋಓಮ್ ರೆಸಿಸ್ಟರ್ ಬದಲಿಸಲೇಬೇಕು. ಆ ಬೆಲೆಗೆ ಅದು 1 ಆಂಪ್ ನುಗ್ಗಿಸುತ್ತದೆ. 300 ಎಂಎಎಚ್ ಸೆಲ್ಲಿಗೆ ಅದು ಮೂರು ಪಟ್ಟು ಹೆಚ್ಚು. 1200ನ್ನು ಕಿಲೋಓಮಿನಿಂದ ಭಾಗಿಸಿದರೆ ಮಿಲಿಆಂಪ್ ಬರುತ್ತದೆ: 8.2 ಕಿಲೋಓಮಿಗೆ ಸುಮಾರು 146. ಆ ಸೆಲ್ಲಿಗೆ ಅಷ್ಟು ಸರಿ.

ಚಾರ್ಜ್ ಆಗುವಾಗ ಲೋಕೋ ಹಂಚಿನ ಅಥವಾ ಕಲ್ಲಿನ ಮೇಲಿರಲಿ, ಪರದೆ ಹಾಸಿಗೆಗಳಿಂದ ದೂರ. ಓಡಿ ಬಂದ ತಕ್ಷಣ ಬೇಡ, ಸೆಲ್ ತಣ್ಣಗಾಗಲಿ. ರಾತ್ರಿ ಹಾಕಿ ಮಲಗುವ ಅಭ್ಯಾಸ ಮೊಬೈಲಿಗಿರಲಿ, ಇದಕ್ಕೆ ಬೇಡ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಸೆಲ್ಲಿಗೆ 3.8 ವೋಲ್ಟಿನಷ್ಟು ಉಳಿಸಿ, ಚಾರ್ಜರಿನ ಸ್ಟೋರೇಜ್ ಮೋಡ್ ಇರುವುದು ಅದಕ್ಕೇ.

ಕೈಕೊಟ್ಟಾಗ

ಮೋಟಾರ್ ಹೊರಡುವಾಗಲೆಲ್ಲ ವೈಫೈ ಕಡಿದರೆ ವೋಲ್ಟೇಜ್ ಕುಸಿತ: 470 ಮೈಕ್ರೋಫ್ಯಾರಡ್ ಸರಿಯಾಗಿ ಕೂತಿದೆಯೇ, ಸೆಲ್ಲಿನ ಸಿ-ರೇಟಿಂಗ್ ಎಷ್ಟು, ಸ್ವಿಚ್ ಬಿಸಿಯಾಗುತ್ತಿದೆಯೇ ನೋಡಿ. ಬಾಡಿ ತೆಗೆದಾಗ ಸರಿಯಾಗಿ ಓಡಿ ಹಾಕಿದಾಗ ನಿಂತರೆ ತಂತಿಯೊಂದು ಡ್ರೈವ್ ಶಾಫ್ಟಿಗೆ ತಾಗುತ್ತಿದೆ. ಕಾಲು ಗಂಟೆ ಓಡಿ ನಿಂತು, ಸ್ವಲ್ಪ ಹೊತ್ತಿಗೆ ತಾನೇ ಹೊರಟರೆ ಡ್ರೈವರಿನ ಥರ್ಮಲ್ ಶಟ್‌ಡೌನ್ ಇಲ್ಲವೇ ಫ್ಯೂಸ್. ಬ್ರಿಡ್ಜ್‌ಗಳನ್ನು ಕೂಡಿಸಿ, ಗೇರ್‌ಬಾಕ್ಸನ್ನು ಮತ್ತೆ ನೋಡಿ. ತಿರುವಿನಲ್ಲಷ್ಟೇ ಹಳಿ ತಪ್ಪಿದರೆ ಬೋಗಿ ತಿರುಗುವ ಜಾಗದಲ್ಲಿ ತಂತಿ ಅಡ್ಡ ಬಂದಿದೆ. ಮುಂದೆ ಎಂದಾಗ ಹಿಂದೆ ಹೋದರೆ ಬೆಸುಗೆ ಬಿಚ್ಚುವ ಅಗತ್ಯವಿಲ್ಲ, ಪ್ರೋಗ್ರಾಮಿನಲ್ಲಿ 4 ಮತ್ತು 5ನ್ನು ಅದಲುಬದಲು ಮಾಡಿ.

ಸೆಲ್ ದಿಂಬಿನಂತೆ ಉಬ್ಬಿದ್ದು ಕಂಡರೆ ಅದರ ಕಥೆ ಮುಗಿದಂತೆ. ಚುಚ್ಚಬೇಡಿ, ಒತ್ತಬೇಡಿ, ಇನ್ನೊಂದು ಸಲ ಚಾರ್ಜ್ ಮಾಡಿ ನೋಡೋಣ ಎನ್ನಬೇಡಿ. ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ, ಮನೆಯ ಕಸದ ಬುಟ್ಟಿಗೆ ಹಾಕಬೇಡಿ.